ಒಂದೇ ಮುಖದ ಇಬ್ಬರು

ಪೌರಾಣಿಕ ಚಿತ್ರವೆಂದರೆ ಕ್ಯಾಮೆರಾದ ಮುಂದೆ ಆಡಿಸಿದ ಕಂಪನಿ ನಾಟಕ ಎಂಬ ತೀರ್ಪು ನಮ್ಮ ಸಿನಿಮಾ ವಿಮರ್ಶೆಯಲ್ಲಿ ಎಷ್ಟು ಗಟ್ಟಿಯಾಗಿ ಬೇರುಬಿಟ್ಟಿದೆಯೆಂದರೆ, ಅದಕ್ಕೆ ಪುರಾವೆ ಕೇಳುವವರೇ ಇಲ್ಲ. 1977ರ ಮಾತು ಬಂದರೆ ಸ್ವರ್ಣಕಮಲ ಗೆದ್ದ ‘ಘಟಶ್ರಾದ್ಧ’ದ ಹೆಸರು ಬರುತ್ತದೆ, ಅದೇ ವರ್ಷದ ‘ಬಬ್ರುವಾಹನ’ವನ್ನು ಅಭಿಮಾನಿಗಳ ಪಾಲಿಗೆ ಬಿಟ್ಟು ಎಲ್ಲರೂ ಮುಂದೆ ಹೋಗುತ್ತಾರೆ. ಆ ಅಭಿಮಾನಿಗಳು ಅರ್ಜುನ ಬಬ್ರುವಾಹನರ ವಾಗ್ವಾದವನ್ನು ಇಂದಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಚಿತ್ರದ ಬೇರೆಲ್ಲವನ್ನೂ ಬಿಟ್ಟು ಅದೊಂದನ್ನೇ ಹಿಡಿದುಕೊಂಡ ಅವರ ಆಯ್ಕೆಯನ್ನು ಯಾರೂ ವಿಮರ್ಶೆಯೆಂದು ಎಣಿಸಿಲ್ಲ. ನನ್ನ ಲೆಕ್ಕದಲ್ಲಿ ಅದು ವಿಮರ್ಶೆಯೇ. ಪಂಡಿತರ ತೀರ್ಪಿಗಿಂತ ಸರಿಯಾದ ವಿಮರ್ಶೆ.

ಆ ದೃಶ್ಯದಲ್ಲಿ ನಡೆಯುವುದೇನು? ಯಜ್ಞದ ಕುದುರೆಯ ಹಿಂದೆ ಮಣಿಪುರಕ್ಕೆ ಬಂದ ಅರ್ಜುನ ತನ್ನೆದುರು ನಿಂತ ತರುಣನನ್ನು ಮಗನೆಂದು ಒಪ್ಪುವುದಿಲ್ಲ. ತರುಣನ ತಾಯಿ ಚಿತ್ರಾಂಗದೆಯ ಶೀಲಕ್ಕೇ ಕೈಹಾಕುತ್ತಾನೆ. ಇಬ್ಬರೂ ರಾಜ್‌ಕುಮಾರ್. ವಿಮರ್ಶಕರು ಇದನ್ನು ತಾರೆಯ ಮೆರವಣಿಗೆ ಎಂದರು. ಆದರೆ ಕಣ್ಣು ತೆರೆದು ನೋಡಿ: ‘ನೀನು ನನ್ನ ಮಗನಲ್ಲ’ ಎನ್ನುವ ಮುಖವೂ ಆ ಮಾತು ಕೇಳಿಸಿಕೊಳ್ಳುವ ಮುಖವೂ ಒಂದೇ. ಚಿತ್ರಾಂಗದೆ ಆಣೆ ಇಡಬೇಕಾಗಿಲ್ಲ, ಯಾರೂ ಸಾಕ್ಷಿ ಹೇಳಬೇಕಾಗಿಲ್ಲ. ಪರದೆಯ ತುಂಬ ಸಾಕ್ಷಿ ನಿಂತಿದೆ. ಸಭೆಯಲ್ಲಿ ಕೂತ ಪ್ರತಿಯೊಬ್ಬನಿಗೂ ಅದು ಕಾಣುತ್ತಿದೆ, ಅರ್ಜುನನಿಗೆ ಮಾತ್ರ ಕಾಣುತ್ತಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಈ ಪ್ರಸಂಗವಿದೆ, ಯಕ್ಷಗಾನದಲ್ಲಿ ಬಬ್ರುವಾಹನ ಕಾಳಗವಿದೆ. ಆದರೆ ರಂಗದ ಮೇಲೆ ತಂದೆ ಒಬ್ಬ ವೇಷಧಾರಿ, ಮಗ ಇನ್ನೊಬ್ಬ. ಒಬ್ಬನ ದೇಹವೇ ಎರಡಾಗಿ ಎದುರುಬದುರು ನಿಂತು ಕಾದುವುದು ಸಿನಿಮಾಕ್ಕೆ ಮಾತ್ರ ಸಾಧ್ಯ. ನಾಟಕವೆಂದು ತಳ್ಳಿಹಾಕಿದ ಚಿತ್ರದ ತಿರುಳು ನಾಟಕದಲ್ಲಿ ಹುಟ್ಟಲಾರದ ವಸ್ತು. ವೃತ್ತಿ ರಂಗಭೂಮಿಯಿಂದ ಬಂದ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿಯವರಿಗೆ ರಂಗದ ಮಿತಿ ಚೆನ್ನಾಗಿ ಗೊತ್ತಿದ್ದುದರಿಂದಲೇ ಅದನ್ನು ದಾಟುವ ಜಾಗವೂ ಕಂಡಿತು ಎಂದು ನಾನು ನಂಬುತ್ತೇನೆ.

ಇದೆಲ್ಲ ತಾರಾಪೂಜೆಗೆ ಹಚ್ಚಿದ ಬಣ್ಣ ಎನ್ನುವವರಿದ್ದಾರೆ. ಪೂಜೆಯೇ ಆಗಿದ್ದರೆ ಇಬ್ಬರು ರಾಜ್‌ಕುಮಾರರಿಗೂ ಸಮನಾಗಿ ಆರತಿ ಎತ್ತಬೇಕಿತ್ತು. ದೃಶ್ಯದ ಬಲವೆಲ್ಲ ಮಗನ ಕಡೆಗಿದೆ. ತನ್ನ ಆರಾಧ್ಯ ನಟನ ಬಾಯಲ್ಲೇ ಬಂದ ನಿಂದೆಯನ್ನು ಪ್ರೇಕ್ಷಕ ಒಪ್ಪುವುದಿಲ್ಲ. ಗಾಂಡೀವಿ ಬೀಳಲಿ ಎಂದು ಬಯಸುತ್ತಾನೆ. ತಾರೆಯ ಒಂದು ಮುಖವನ್ನು ಇನ್ನೊಂದು ಮುಖದಿಂದ ಹೊಡೆಸುವ ಚಿತ್ರವನ್ನು ತಾರಾಪೂಜೆ ಎನ್ನುವುದು ಸೋಮಾರಿತನ.

ಇನ್ನೊಂದು ಆಕ್ಷೇಪ ಸಾವಿನ ಬಗ್ಗೆ. ನಾಗಕನ್ಯೆ ಉಲೂಪಿ ಸಂಜೀವನ ಮಣಿ ತರಿಸಿ ಅರ್ಜುನನನ್ನು ಎಬ್ಬಿಸುವುದಾದರೆ ಅವನು ಸತ್ತದ್ದಕ್ಕೆ ಏನು ಬೆಲೆ? ಹೋಲಿಕೆಗೆ 1986ರ ‘ಹೈಲ್ಯಾಂಡರ್’ ಚಿತ್ರವನ್ನು ತೆಗೆದುಕೊಳ್ಳಿ. ಅದರ ಅಮರ ಯೋಧರಿಗೆ ತಲೆ ಕಡಿದರೆ ಮಾತ್ರ ಸಾವು. ನಾಯಕ ತನ್ನ ಹೆಂಡತಿ ಮುದುಕಿಯಾಗಿ ಸಾಯುವುದನ್ನು ಹರೆಯದ ಮೈಯಲ್ಲೇ ಕೂತು ನೋಡಬೇಕು. ಅಲ್ಲಿ ಸಾಯದಿರುವುದೇ ಶಾಪ, ಅದನ್ನು ಒಬ್ಬನೇ ಹೊರಬೇಕು. ಜೈಮಿನಿಯ ಕಥೆಯಲ್ಲಿ ಅರ್ಜುನನ ತಲೆಯೇ ಹಾರಿಹೋಗುತ್ತದೆ, ನಾಗರು ಅದನ್ನು ಕದ್ದೊಯ್ಯುತ್ತಾರೆ, ಕೃಷ್ಣ ಬಂದು ಜೋಡಿಸಬೇಕಾಗುತ್ತದೆ. ಎದ್ದವನಿಗೆ ಒಂಟಿತನದ ಸವಲತ್ತೂ ಇಲ್ಲ. ತಾನು ಹೀಗಳೆದ ಹೆಂಡತಿ, ತಳ್ಳಿದ ಮಗ ಎದುರಿಗೇ ಇದ್ದಾರೆ. ಮಣಿ ಪ್ರಾಣ ಕೊಟ್ಟೀತು, ಆಡಿದ ಮಾತನ್ನು ಹಿಂದಕ್ಕೆ ತಂದುಕೊಡಲಾರದು. ಸತ್ತು ಮಲಗುವುದಕ್ಕಿಂತ ಇದು ಕಠಿಣ ಶಿಕ್ಷೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದ ಕಡೆಯ ಪ್ರೇಕ್ಷಕನಿಗಂತೂ ಇಂಥ ಮರುಹುಟ್ಟು ಅಗ್ಗದ ಜಾದು ಆಗಬೇಕಿಲ್ಲ. ಆ ಸೀಮೆಯ ತುಂಬ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಆ ಕಲ್ಲು ಸಾವನ್ನು ಮುಚ್ಚಿಡುವುದಿಲ್ಲ. ಅದರಿಂದಲೇ ಕಥೆ ಶುರುಮಾಡಿ ಮೇಲಕ್ಕೆ ಓದಿಸುತ್ತದೆ.

ನಿಜವಾದ ಜಗಳ ಇರುವುದು ಮಾತಿನಲ್ಲಿ. ನವ್ಯ ನಮಗೆ ಪಿಸುಮಾತನ್ನು ಮೆಚ್ಚಲು ಕಲಿಸಿತು. ದನಿ ಎತ್ತಿದರೆ ಸುಳ್ಳು, ಪ್ರಾಸ ಬಂದರೆ ಹುಸಿ, ಮೌನ ಮಾತ್ರ ಪ್ರಾಮಾಣಿಕ ಎಂಬ ಶಿಷ್ಟಾಚಾರ ಬೆಳೆಯಿತು. ಈ ಅಭಿರುಚಿಗೆ ಶಿವಮೊಗ್ಗ ಜಿಲ್ಲೆ ಕೊಟ್ಟಷ್ಟನ್ನು ಬೇರೆ ಜಿಲ್ಲೆ ಕೊಟ್ಟಿರಲಾರದು: ‘ಘಟಶ್ರಾದ್ಧ’ದ ಕಥೆ ಬರೆದ ಅನಂತಮೂರ್ತಿ, ಅದನ್ನು ಚಿತ್ರ ಮಾಡಿದ ಕಾಸರವಳ್ಳಿ ಇಬ್ಬರೂ ತೀರ್ಥಹಳ್ಳಿ ಸೀಮೆಯವರು. ಆದರೆ ಅದೇ ಜಿಲ್ಲೆಯ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಾಗ ಪಿಸುಗುಟ್ಟಲಿಲ್ಲ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದಿತು. ಪ್ರಾಸವಿದೆ, ಬಿರುಸಿದೆ, ಎದುರಾಳಿಯನ್ನು ನೇರ ಕರೆದು ನಿಲ್ಲಿಸುವ ಗತ್ತಿದೆ. ರಣರಂಗದ ಸಂಭಾಷಣೆಗೆ ಬೇಕಾದದ್ದೆಲ್ಲ ಇದೆ. 1943ರ ಮಾರ್ಚಿನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಅವರಿಗೆ ಮಣಿ ತಂದುಕೊಡುವ ಉಲೂಪಿ ಇರಲಿಲ್ಲ. ಅಬ್ಬರದ ಮಾತು ಪೊಳ್ಳು ಎನ್ನುವ ವಿಮರ್ಶಕ ಈ ಘೋಷಣೆಯ ಮುಂದೆ ನಿಂತು ಅದನ್ನೇ ಹೇಳಬಲ್ಲನೇ? ಎತ್ತರಿಸಿದ ದನಿಗೂ ಪ್ರಾಣ ಒತ್ತೆಯಿಟ್ಟ ಚರಿತ್ರೆಯಿದೆ. ಆ ದನಿಯ ರುಚಿ ಬಲ್ಲ ಜನ ಚಿತ್ರಮಂದಿರದಲ್ಲಿ ಶಿಳ್ಳೆ ಹಾಕಿದರೆ ಅದನ್ನು ಅಜ್ಞಾನವೆಂದು ಬಗೆಯುವ ಹಕ್ಕು ಯಾರಿಗೂ ಇಲ್ಲ.

ಹಾಗಿದ್ದರೆ ‘ಘಟಶ್ರಾದ್ಧ’ ಸಣ್ಣ ಚಿತ್ರವೇ ಎಂದು ಕೇಳಬಹುದು. ಅಲ್ಲ. ಆದರೆ ಅದನ್ನು ‘ಬಬ್ರುವಾಹನ’ದ ಪಕ್ಕ ಇಟ್ಟು ನೋಡುವ ಕೆಲಸವನ್ನು ನಮ್ಮ ವಿಮರ್ಶೆ ಮಾಡಲೇ ಇಲ್ಲ, ಒಂದೇ ವರ್ಷದ ಈ ಎರಡರ ವಸ್ತು ಎಷ್ಟು ಹತ್ತಿರವಿದ್ದರೂ. ಎರಡರಲ್ಲೂ ಹೆಣ್ಣಿನ ಶೀಲವನ್ನು ಗಂಡಸರು ತೂಗುತ್ತಾರೆ. ಒಂದರಲ್ಲಿ ಬದುಕಿರುವ ವಿಧವೆ ಯಮುನಕ್ಕನಿಗೆ ಶ್ರಾದ್ಧ ಮಾಡಿ ಅವಳನ್ನು ಸತ್ತವಳೆಂದು ಸಾರುತ್ತಾರೆ. ಇನ್ನೊಂದರಲ್ಲಿ ಸತ್ತ ಗಂಡಸನ್ನು ಎಬ್ಬಿಸಿ ಉತ್ತರ ಕೇಳುತ್ತಾರೆ. ಯಮುನಕ್ಕನ ಕಡೆಗೆ ಇರುವವನು ನಾಣಿಯೊಬ್ಬನೇ, ಅವನು ಇನ್ನೂ ಹುಡುಗ. ಅವಳ ಅವಮಾನ ನಮ್ಮನ್ನು ಹಿಂಡುತ್ತದೆ, ಅವಳ ಪರವಾಗಿ ಗದರಿಸಿ ಮಾತಾಡುವ ಒಂದು ಬಾಯಿಯೂ ಆ ಅಗ್ರಹಾರದಲ್ಲಿಲ್ಲ. ಚಿತ್ರಾಂಗದೆಯ ಪರವಾಗಿ ಒಂದು ಬಾಯಿಯಿದೆ. ಅದು ಜಗದೇಕವೀರನ ಮುಖಕ್ಕೇ ಉತ್ತರ ಕೊಡುತ್ತದೆ, ಉತ್ತರ ಸಾಲದಾದಾಗ ಬಾಣ ಹೂಡುತ್ತದೆ. ಆ ಮಾತನ್ನು ಬಾಯಿಪಾಠ ಮಾಡಿಕೊಂಡ ಜನ ತಾಯಿಯ ಮಾನ ಕಾಯುವ ವಾದವನ್ನೇ ಬಾಯಿಪಾಠ ಮಾಡಿಕೊಂಡಿದ್ದಾರೆ.