ಕಪ್ಪು ಪೆಂಟಿಯ ಪರವಾಗಿ

ಯಾದಗಿರಿ, ಶಹಾಪುರ, ಸುರಪುರದ ಸಂತೆಗಳಲ್ಲಿ ಬೆಲ್ಲದ ರೇಟು ನಿಂತಿರುವುದು ಬಣ್ಣದ ಮೇಲೆ. ಹಳದಿ ಪೆಂಟಿಗೆ ನಾಲ್ಕು ಕಾಸು ಜಾಸ್ತಿ, ಕಪ್ಪಿಗೆ ಕಡಿಮೆ. ನನ್ನ ಓಟು ಕಪ್ಪಿಗೆ. ಒಡೆದರೆ ಒಳಗೆ ಮರಳಿನಂಥ ಹರಳು, ಅಲ್ಲೊಂದು ಇಲ್ಲೊಂದು ಕಬ್ಬಿನ ನಾರು. ನಾಲಿಗೆಗೆ ಸಿಹಿಯ ಹಿಂದೆಯೇ ತುಸು ಉಪ್ಪು, ಒಲೆಯ ಹೊಗೆ.

ಹತ್ತು ಕಿಲೋ ಕಬ್ಬಿಗೆ ಹೆಚ್ಚುಕಮ್ಮಿ ಒಂದು ಕಿಲೋ ಬೆಲ್ಲ. ಕೊಪ್ಪರಿಗೆಯಲ್ಲಿನ ರಸದ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ, ಚಿಟಿಕೆ ಸುಣ್ಣ ಸಾಕು. ಆದರೆ ಸಕ್ಕರೆ ಫ್ಯಾಕ್ಟರಿಗೆ ಹೋಗುವ ಕಬ್ಬಿಗೆ ಕೇಂದ್ರ ಸರ್ಕಾರ ಕನಿಷ್ಠ ದರ ಕಟ್ಟುತ್ತದೆ, ಬೆಲ್ಲಕ್ಕೆ ಅಂಥ ಆಸರೆ ಇಲ್ಲ. ಹಾಗಾಗಿ ಪೈಪೋಟಿಗೆ ಬಿದ್ದ ಗಾಣದವರು ಹೈಡ್ರೋಸ್ ಎಂಬ ಬಣ್ಣ ಕಳೆಯುವ ಪುಡಿ ಸುರಿದು ಬೆಲ್ಲವನ್ನು ಹಳದಿಯಾಗಿಸುತ್ತಾರೆ. ತಪ್ಪು ಅವರೊಬ್ಬರದೇ ಅಲ್ಲ. ಕಣ್ಣಿನಿಂದ ಕೊಳ್ಳುವ ನಮ್ಮದೂ ಹೌದು.

ಕೆನಡಾದ ಮೇಪಲ್ ಪಾಕದ್ದೂ ಇಂಥದೇ ಕಸುಬು: ಸುಮಾರು 40 ಲೀಟರ್ ಮರದ ರಸ ಕುದಿಸಿದರೆ 1 ಲೀಟರ್ ಪಾಕ. ಅಲ್ಲೂ ಬಣ್ಣ ನೋಡುತ್ತಾರೆ. ಆದರೆ ಈಗ ಹೊನ್ನಿನ ಬಣ್ಣದ್ದಕ್ಕೂ ಕಡುಗಪ್ಪಿಗೂ ಒಂದೇ ‘ಎ’ ದರ್ಜೆ. ಗಾಢ ಬಣ್ಣಕ್ಕೆ ಗಾಢ ರುಚಿ ಎಂದು ಚೀಟಿಯ ಮೇಲೆಯೇ ಬರೆಯುತ್ತಾರೆ. ಕ್ವಿಬೆಕ್ ಪ್ರಾಂತದ ಉತ್ಪಾದಕರಂತೂ ಕೋಟಾ ಹಾಕಿಕೊಂಡು, ಹೆಚ್ಚಾದದ್ದನ್ನು ದಾಸ್ತಾನಿಟ್ಟು, ಬೆಲೆ ಬೀಳದಂತೆ ಹಿಡಿಯುತ್ತಾರೆ.

ನಮ್ಮಲ್ಲಿ ಸಂತೆಯವನೇ ದರ್ಜೆ. ‘ಯಕ್ಕಾ, ಹಬ್ಬಕ್ಕ ಹಳದಿ ಒಯ್ರಿ, ಹೋಳಿಗಿ ಚೊಲೊ ಕಾಣ್ತಾವ’ ಅನ್ನುತ್ತಾನೆ. ಕಾಣುತ್ತವೆ, ನಿಜ. ಎಳ್ಳಮಾಸಿಯ ಶೇಂಗಾ ಹೋಳಿಗೆಗೆ ಮಾತ್ರ ನಾನು ಕರೀದನ್ನೇ ಕುಟ್ಟುತ್ತೇನೆ, ಅಗ್ಗಕ್ಕೆ ಸಿಕ್ಕ ಖುಷಿಯೂ ಸೇರಿ.