ರಬ್ಬರಿನ ಮೇಲಿನ ಹೆಸರು, ಮುಂದಿನ ಸಾಲಿನ ಹುಡುಗ

ಪಕ್ಕದಲ್ಲಿ ಕೂತ ಹಶಿಮೊತೊ ಕೊಟ್ಟ ರಬ್ಬರನ್ನು ಅವೊಕಿ ತಿರುಗಿಸಿ ನೋಡುತ್ತಾನೆ. ಒಂದು ಹೃದಯದ ಗುರುತು, ಒಂದು ಹೆಸರು: ಇಡಾ. ಅವೊಕಿ ಮನಸ್ಸು ಕೊಟ್ಟಿರುವುದು ಹಶಿಮೊತೊಗೆ. ಆ ಹೆಸರನ್ನು ನಂಬಿದರೆ ಅವಳ ಮನಸ್ಸಿನಲ್ಲಿರುವವನೋ ಅವೊಕಿಯ ಮುಂದೆಯೇ ಕೂತಿರುವ, ಮಾತು ಕಡಿಮೆಯ ವಾಲಿಬಾಲ್ ಹುಡುಗ. ಅಷ್ಟರಲ್ಲಿ ಆ ರಬ್ಬರ್ ಇಡಾನ ಕೈಗೇ ಸಿಕ್ಕಿಬಿಡುತ್ತದೆ. ಹುಡುಗಿಯ ಗುಟ್ಟು ರಟ್ಟಾಗಬಾರದೆಂದು ಅವೊಕಿ ಅದು ತನ್ನದೇ ಎಂದು ಒಪ್ಪಿಕೊಳ್ಳುತ್ತಾನೆ. ಇಡಾ ಅದನ್ನು ನಂಬುತ್ತಾನೆ.

ಜಪಾನಿನ ಟಿವಿ ಅಸಾಹಿ ವಾಹಿನಿ 2021ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಶನಿವಾರ ತಡರಾತ್ರಿ ಪ್ರಸಾರ ಮಾಡಿದ ‘ಕಿಯೆತಾ ಹತ್ಸುಕೊಯಿ’ ಧಾರಾವಾಹಿ ಹೀಗೆ ಶುರುವಾಗುತ್ತದೆ. ಹೊರದೇಶಗಳ ಪ್ರೇಕ್ಷಕರಿಗೆ ಇದು ‘ಮೈ ಲವ್ ಮಿಕ್ಸ್-ಅಪ್’ ಎಂಬ ಹೆಸರಿನಲ್ಲಿ ಪರಿಚಿತ. ಇರುವುದು ಹತ್ತೇ ಕಂತು. ತಪ್ಪು ತಿಳಿವಳಿಕೆಯ ಮೇಲೆ ನಿಂತ ಪ್ರಹಸನಗಳಿಗೇನೂ ಬರವಿಲ್ಲ. ಎರಡು ಕಂತು ನಗಿಸಿ ಬರಿದಾಗುವಂಥವೇ ಹೆಚ್ಚು. ಇದು ಹಾಗಾಗದೆ ಉಳಿದದ್ದು ಇಡಾನಿಂದ. ಇನ್ನೊಬ್ಬ ಹುಡುಗ ತನ್ನನ್ನು ಪ್ರೀತಿಸುತ್ತಾನೆ ಎಂದು ತಿಳಿದಾಗ ಅವನು ನಗುವುದಿಲ್ಲ, ಹೇಸುವುದಿಲ್ಲ, ಗೆಳೆಯರಿಗೆ ಹೇಳಿ ತಮಾಷೆ ಮಾಡುವುದಿಲ್ಲ. ಯೋಚಿಸುತ್ತಾನೆ. ಒಬ್ಬರು ಮನಸ್ಸು ಬಿಚ್ಚಿ ಹೇಳಿದ ಮೇಲೆ ಅದಕ್ಕೆ ತಕ್ಕ ಉತ್ತರ ಕೊಡಬೇಕು ಎಂಬುದು ಅವನ ಸರಳ ನಿಲುವು. ಆ ಪ್ರೀತಿ ಸುಳ್ಳೆಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಸುಳ್ಳು ಹೇಳಿದ ಅವೊಕಿಯೇ ಆ ಪ್ರಾಮಾಣಿಕತೆಯ ಎದುರು ನಿಧಾನವಾಗಿ ಕರಗುತ್ತಾ ಹೋಗುತ್ತಾನೆ. ಪ್ರೇಮ ಹುಟ್ಟುವುದಕ್ಕೆ ಇಷ್ಟು ಗಟ್ಟಿಯಾದ ಕಾರಣವನ್ನು ಹದಿಹರೆಯದ ಕಥೆಗಳು ಕೊಡುವುದು ಅಪರೂಪ.

ಮೂಲ ಮಂಗಾದ, ಅಂದರೆ ಜಪಾನೀ ಚಿತ್ರಕಥೆಯ, ಕಥೆ ಹಿನೆಕುರೆ ವತಾರು ಅವರದು, ಚಿತ್ರ ಅರುಕೊ ಅವರದು. ಅದು ಬಂದದ್ದು ಗಂಡುಹುಡುಗರ ಪ್ರೇಮಕಥೆಗಳ ಪ್ರಕಾರವಾದ ಬಾಯ್ಸ್ ಲವ್‌ಗೆಂದೇ ಮೀಸಲಾದ ಪತ್ರಿಕೆಯಲ್ಲಲ್ಲ, ಶೂಯೇಶಾ ಸಂಸ್ಥೆಯ ‘ಬೆಸ್ಸಾತ್ಸು ಮಾರ್ಗರೆಟ್’ ಎಂಬ ಹುಡುಗಿಯರ ಮಾಸಪತ್ರಿಕೆಯಲ್ಲಿ. ಗಂಡುಹುಡುಗರ ಪ್ರೇಮವನ್ನು ಹುಡುಗಿಯರ ಪತ್ರಿಕೆ ಹೇಳುವುದು ಜಪಾನಿನಲ್ಲಿ ಹೊಸದೇನಲ್ಲ. ಎಪ್ಪತ್ತರ ದಶಕದಲ್ಲೇ ಹಾಗಿಯೊ ಮೊತೊ ಮತ್ತು ತಕೆಮಿಯಾ ಕೇಕೊ ಅಂಥ ಕಥೆಗಳನ್ನು ಬರೆದಿದ್ದರು. ಆದರೆ ಅವರ ಹುಡುಗರು ಯುರೋಪಿನ ವಸತಿ ಶಾಲೆಗಳಲ್ಲಿದ್ದರು, ಅವರ ಪ್ರೇಮಕ್ಕೆ ಸಾವಿನ ನೆರಳಿತ್ತು. ಅವೊಕಿ ಮತ್ತು ಇಡಾ ಇರುವುದು ಯಾವುದೇ ಜಪಾನೀ ಊರಿನಲ್ಲಿ ಇರಬಹುದಾದ ಸಾಮಾನ್ಯ ಹೈಸ್ಕೂಲಿನಲ್ಲಿ. ಹೈಸ್ಕೂಲು ಎಂದರೆ ಇಲ್ಲಿ ನಮ್ಮ ಪಿಯುಸಿಯ ವಯಸ್ಸು. ಈ ಪ್ರಕಾರವನ್ನು ಮನೆಮನೆಯ ಟಿವಿಗೆ ತಂದ ‘ಒಸ್ಸಾನ್ಸ್ ಲವ್’ (2018) ಮತ್ತು ‘ಚೆರ್ರಿ ಮ್ಯಾಜಿಕ್’ (2020) ಎರಡೂ ಆಫೀಸಿನ ಕಥೆಗಳು. ಅಲ್ಲಿನ ಗಂಡಸರು ದುಡಿಯುವ ವಯಸ್ಕರು, ಪ್ರೇಮದಲ್ಲಿ ಕಳೆದುಕೊಳ್ಳುವುದೇನೆಂದು ಅರಿತವರು. ಅವೊಕಿಗೆ ಆ ಲೆಕ್ಕಾಚಾರ ಗೊತ್ತಿಲ್ಲ. ಆದ್ದರಿಂದಲೇ ಅವನ ಗಾಬರಿ ಇಷ್ಟು ನಿಚ್ಚಳ.

ನಟನೆಯ ಬಗ್ಗೆ ತುಸು ನಿಂತು ಹೇಳಬೇಕು. ಅವೊಕಿಯಾಗಿ ನಾನಿವಾ ದಾನ್ಶಿ ತಂಡದ ಮಿಚಿಯೆದಾ ಶುನ್ಸುಕೆ, ಇಡಾನಾಗಿ ಸ್ನೋ ಮ್ಯಾನ್ ತಂಡದ ಮೆಗುರೊ ರೆನ್. ಇಬ್ಬರೂ ಐಡಲ್ ಗಾಯಕರು. ಅಭಿಮಾನಿ ಹುಡುಗಿಯರ ಆರಾಧನೆಯೇ ಅವರ ವೃತ್ತಿಯ ಬಂಡವಾಳ. ಮಿಚಿಯೆದಾನ ಮುಖ ಒಂದು ಕ್ಷಣ ಸುಮ್ಮನಿರುವುದಿಲ್ಲ. ಕಣ್ಣರಳುತ್ತದೆ, ದನಿ ಒಡೆಯುತ್ತದೆ, ಮನಸ್ಸಿನೊಳಗಿನ ಮಾತು ಓಡೋಡಿ ಬರುತ್ತದೆ. ಕೆಲವು ಕಡೆ ಅದು ಅತಿಯೂ ಆಗುತ್ತದೆ. ಮಂಗಾದ ಪುಟದಲ್ಲಿ ಒಪ್ಪುವ ಉದ್ಗಾರ ಕ್ಯಾಮೆರಾದ ಮುಂದೆ ಕಿರಿಚಾಟವಾಗುತ್ತದೆ. ಅದನ್ನು ತಡೆದು ನಿಲ್ಲಿಸುವುದು ಮೆಗುರೊನ ನಿಶ್ಚಲತೆ. ಏನೂ ಮಾಡದಂತೆ ಕಂಡರೂ ಅವನು ಇಡಾನ ಒಳಗಿನ ಬದಲಾವಣೆಯನ್ನು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ತೋರಿಸುತ್ತಾನೆ. ಮರುವರ್ಷ ‘ಸೈಲೆಂಟ್’ ಧಾರಾವಾಹಿಯಲ್ಲಿ ಕಿವಿ ಕೇಳದಾದ ಯುವಕನ ಪಾತ್ರದಿಂದ ಅವನು ದೇಶದ ಗಮನ ಸೆಳೆದ. ಆ ಸಂಯಮದ ಬೇರು ಇಲ್ಲೇ ಕಾಣುತ್ತದೆ.

ಹಶಿಮೊತೊಳ ಪಾತ್ರಕ್ಕೆ ಬೇರೆಯೇ ಮೆಚ್ಚುಗೆ ಸಲ್ಲಬೇಕು. ಈ ಪ್ರಕಾರದ ಎಷ್ಟೋ ಕಥೆಗಳಲ್ಲಿ ಹೆಣ್ಣು ಒಂದೋ ಅಡ್ಡಿ, ಇಲ್ಲವೇ ನೆಪ. ಫುಕುಮೊತೊ ರಿಕೊ ಅಭಿನಯಿಸಿದ ಈ ಹುಡುಗಿಗೆ ತನ್ನದೇ ನಾಚಿಕೆ, ತನ್ನದೇ ಪ್ರೇಮ ಇದೆ. ಅವಳು ನಿಜವಾಗಿ ಇಷ್ಟಪಡುವುದು ಇಡಾನನ್ನಲ್ಲ, ಅವೊಕಿಯ ಗೆಳೆಯ ಅಕ್ಕುನ್‌ನನ್ನು. ಅದು ತಿಳಿದ ಮೇಲೂ ಅವೊಕಿ ಅವಳಿಂದ ದೂರವಾಗುವುದಿಲ್ಲ. ಇಬ್ಬರೂ ಪರಸ್ಪರರ ಪ್ರೇಮಕ್ಕೆ ಕಾವಲು ನಿಲ್ಲುತ್ತಾರೆ. ಧಾರಾವಾಹಿಯ ಅತ್ಯಂತ ಬೆಚ್ಚಗಿನ ದೃಶ್ಯಗಳು ಈ ಗೆಳೆತನದವು.

ಕೊರತೆ ಎಲ್ಲಿದೆ? ಕಥೆಯ ಸುತ್ತ ಕಟ್ಟಿದ ರಕ್ಷಣೆಯಲ್ಲಿ. ಕೈ ಹಿಡಿಯುವುದೇ ಇಲ್ಲಿ ದೊಡ್ಡ ಘಟನೆ. ಆ ವಯಸ್ಸಿಗೆ ಅದು ಸಹಜ ಎನ್ನೋಣ. ಹುಡುಗಿಯನ್ನು ಪ್ರೀತಿಸಿದ ಅವೊಕಿ ಆಮೇಲೆ ಹುಡುಗನನ್ನು ಪ್ರೀತಿಸಿದಾಗ ಅದಕ್ಕೊಂದು ಹಣೆಪಟ್ಟಿ ಹಚ್ಚದಿರುವುದೂ ಸೊಗಸೇ. ಆದರೆ ಹೊರಗಿನ ಜಪಾನ್ ಈ ಶಾಲೆಯ ಗೇಟಿನೊಳಗೆ ಕಾಲಿಡುವುದೇ ಕಡಿಮೆ. ಅದೇ 2021ರ ಮಾರ್ಚ್‌ನಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡದಿರುವುದು ಸಂವಿಧಾನಬಾಹಿರ ಎಂದು ತೀರ್ಪಿತ್ತಿತ್ತು. ದೇಶದಲ್ಲಿ ಅಂಥ ತೀರ್ಪು ಅದೇ ಮೊದಲು. ಇಂಥ ವರ್ಷದಲ್ಲಿ ಇಬ್ಬರು ಹುಡುಗರ ಮುಂದಿನ ಬದುಕಿನ ಪ್ರಶ್ನೆಯನ್ನು ಕಥೆ ಇಷ್ಟು ಹಗುರವಾಗಿ ದಾಟುವುದು ಕಸಿವಿಸಿ ಉಂಟುಮಾಡುತ್ತದೆ.

ಅದೇ ವರ್ಷದ ನವೆಂಬರ್‌ನಲ್ಲಿ ಎಂಬಿಎಸ್ ವಾಹಿನಿಯಲ್ಲಿ ಶುರುವಾದ ‘ಉತ್ಸುಕುಶಿ ಕಾರೆ’ಯ ಪಕ್ಕದಲ್ಲಿಟ್ಟರೆ ಈ ಕೊರತೆ ಇನ್ನೂ ಸ್ಪಷ್ಟ. ನಾಗಿರಾ ಯೂ ಅವರ ಕಾದಂಬರಿ ಆಧರಿಸಿ ಸಕಾಯ್ ಮಾಯ್ ನಿರ್ದೇಶಿಸಿದ ಆ ಆರು ಕಂತುಗಳಲ್ಲಿ ತರಗತಿ ಎಂದರೆ ಮೇಲು ಕೀಳಿನ ಏಣಿ. ಮಾತು ತೊದಲುವ ಹಿರಾ ಅದರ ಕೆಳಗಿನ ಮೆಟ್ಟಿಲಲ್ಲಿದ್ದಾನೆ, ಅವನು ಆರಾಧಿಸುವ ಕಿಯೊಯಿ ತುದಿಯಲ್ಲಿ. ಅಲ್ಲಿ ಪ್ರೇಮದೊಳಗೆ ಅವಮಾನವಿದೆ, ಅಧಿಕಾರವಿದೆ, ಕಾಡುವ ಕತ್ತಲಿದೆ. ಕಲಾಕೃತಿಯಾಗಿ ಅದೇ ಹೆಚ್ಚು ಧೈರ್ಯದ್ದು. ಆದರೆ ಒಬ್ಬ ಹುಡುಗ ಇನ್ನೊಬ್ಬನ ಮನಸ್ಸನ್ನು ಮೊದಲ ದಿನದಿಂದಲೇ ಗೌರವದಿಂದ ಕಾಣುವ ಚಿತ್ರ ಅಲ್ಲಿ ಸಿಗುವುದಿಲ್ಲ, ಇಡಾನಲ್ಲಿ ಸಿಗುತ್ತದೆ.

‘ಉತ್ಸುಕುಶಿ ಕಾರೆ’ಗೆ 2023ರಲ್ಲಿ ಎರಡನೇ ಸರಣಿಯೂ ಸಿನಿಮಾವೂ ಬಂದವು. ‘ಕಿಯೆತಾ ಹತ್ಸುಕೊಯಿ’ಗೆ ಆ ಭಾಗ್ಯ ಬರಲಿಲ್ಲ. ಥಾಯ್ಲೆಂಡಿನ ಜಿಎಂಎಂಟಿವಿ 2024ರಲ್ಲಿ ಅದನ್ನು ಹೊಸದಾಗಿ ತೆಗೆಯಿತು, ಅಷ್ಟೇ. ಜಪಾನೀ ಆವೃತ್ತಿ ಮುಗಿದಾಗ ಮಂಗಾ ಇನ್ನೂ ನಡೆಯುತ್ತಿತ್ತು. ಅದು ಒಂಬತ್ತು ಸಂಪುಟಗಳಾಗಿ ಪೂರ್ಣಗೊಂಡದ್ದು 2022ರಲ್ಲಿ. ಕೊನೆಯ ಕಂತಿನ ಅವಸರಕ್ಕೆ ಇದೂ ಒಂದು ಕಾರಣವಿರಬಹುದು. ಅದೇ ನಟರೊಡನೆ ಇನ್ನೊಂದಿಷ್ಟು ಕಂತು ಸಿಕ್ಕಿದ್ದರೆ ಶಾಲೆ ಮುಗಿಸಿದ ಅವೊಕಿಯನ್ನೂ ಇಡಾನನ್ನೂ ಅವರವರ ಮನೆಯವರ ಮುಂದೆ ನಿಲ್ಲಿಸುವ ಅವಕಾಶ ಟಿವಿ ಅಸಾಹಿಗೆ ಇರುತ್ತಿತ್ತು.