ತೂಗುವ ಹಡಗಿನಲ್ಲಿ ಮಾಯಾಲೋಕ

ಪ್ರತಿಯೊಂದು ಕಲಾಮಾಧ್ಯಮಕ್ಕೂ ಅದರ ಬಣ್ಣ ಬಯಲಾಗುವ ಒಂದು ಜಾಗ ಇರುತ್ತದೆ. ನಾಟಕಕ್ಕೆ ಅದು ಪಾತ್ರಧಾರಿ ಮಾತು ಮರೆತು ನಿಂತ ಗಳಿಗೆ. ಸಿನಿಮಾಕ್ಕೆ ಕರೆಂಟು ಹೋದ ಟಾಕೀಸು. ಕಣ್ಣನ್ನು ಪೂರ್ತಿ ಮುಚ್ಚಿ ಕುಳಿತುಕೊಳ್ಳುವ ವಿಆರ್ ಹೆಡ್‌ಸೆಟ್ಟಿಗೆ, ಅಂದರೆ ವರ್ಚುಯಲ್ ರಿಯಾಲಿಟಿಗೆ, ಚಲಿಸುವ ಹಡಗು ಅಂಥ ಜಾಗ. ಮನೆಯ ಕೋಣೆಯಲ್ಲಿ ಕುರ್ಚಿ ಹಾಕಿ ಕುಳಿತು ನೋಡುವಾಗ ಅದು ಕಟ್ಟಿಕೊಡುವ ಭ್ರಮೆ ಅಚ್ಚುಕಟ್ಟು. ಅದನ್ನೇ ನಡುಗಡಲಿನ ಹಡಗಿನ ಕ್ಯಾಬಿನ್ನಿನಲ್ಲಿ ತೊಟ್ಟರೆ ಎದುರು ಕಾಣುವ ಜಗುಲಿ ಮೆಲ್ಲಗೆ ಪಕ್ಕಕ್ಕೆ ಸರಿಯಬಹುದು, ನೆಲ ವಾಲಬಹುದು, ಕೈಗೆಟುಕುವಂತಿದ್ದ ಮೇಜು ದೂರ ತೇಲಬಹುದು. ಇದು ಎಂಜಿನಿಯರುಗಳ ಸಮಸ್ಯೆ ಎಂದು ಸುಮ್ಮನಾಗುವುದು ಸುಲಭ. ಆದರೆ ಈ ತೊಡಕೂ ಅದಕ್ಕೆ ಕಂಡುಕೊಂಡ ಪರಿಹಾರವೂ ಸಾಹಿತ್ಯ, ಕಲೆಗಳ ವಿದ್ಯಾರ್ಥಿಗಳಿಗೆ ಒಂದು ಹಳೆಯ ಪ್ರಶ್ನೆಯನ್ನು ಹೊಸದಾಗಿ ಕೇಳುತ್ತವೆ: ಕಲೆಯಲ್ಲಿ ‘ಮುಳುಗುವುದು’ ಎಂದರೆ ಏನು? ಮುಳುಗಿದವನ ದೇಹ ಆಗ ಎಲ್ಲಿರುತ್ತದೆ?

ಮೊದಲು ಯಂತ್ರದ ಕಷ್ಟವನ್ನು ನೋಡೋಣ. ನಮ್ಮ ತಲೆ ಎತ್ತ ತಿರುಗಿತು, ಎಷ್ಟು ಬಾಗಿತು ಎಂದು ತಿಳಿಯಲು ಹೆಡ್‌ಸೆಟ್ಟು ಎರಡು ಸಾಕ್ಷಿಗಳನ್ನು ನಂಬುತ್ತದೆ. ಒಂದು, ಅದರ ಹೊರಮೈಯಲ್ಲಿರುವ ಕ್ಯಾಮೆರಾಗಳು. ಇವು ಸುತ್ತಲಿನ ಗೋಡೆ, ಬಾಗಿಲು, ಮಂಚಗಳನ್ನು ಗುರುತು ಹಿಡಿದು ಅವುಗಳ ಲೆಕ್ಕದಲ್ಲಿ ತಲೆಯ ಜಾಗವನ್ನು ಹೇಳುತ್ತವೆ. ಇನ್ನೊಂದು, ಒಳಗೆ ಅಡಗಿರುವ ಗೈರೊಸ್ಕೋಪ್ ಮತ್ತು ಆಕ್ಸಿಲರೋಮೀಟರ್. ಇವು ತಿರುವನ್ನೂ ವೇಗದ ಏರುಪೇರನ್ನೂ ಸೆಕೆಂಡಿಗೆ ನೂರಾರು ಬಾರಿ ಅಳೆಯುತ್ತವೆ. ನೆಲದ ಮೇಲಿನ ಮನೆಯಲ್ಲಿ ಎರಡೂ ಸಾಕ್ಷಿಗಳ ಹೇಳಿಕೆ ಒಂದೇ. ಹಡಗಿನಲ್ಲಿ ಮಾತ್ರ ಜಗಳ ಶುರು. ಗೋಡೆ ಇದ್ದಲ್ಲೇ ಇದೆ, ತಲೆ ಅಲುಗಿಲ್ಲ ಎನ್ನುತ್ತದೆ ಕ್ಯಾಮೆರಾ. ಅಲುಗಿದೆ, ಈಗಷ್ಟೇ ಬಲಕ್ಕೆ ತಿರುಗಿತು ಎನ್ನುತ್ತದೆ ಗೈರೊಸ್ಕೋಪ್. ತಿರುಗಿದ್ದು ಹಡಗು. ಯಂತ್ರಕ್ಕೆ ಹಡಗಿನ ತಿರುವಿಗೂ ಕತ್ತಿನ ತಿರುವಿಗೂ ವ್ಯತ್ಯಾಸ ಗೊತ್ತಿಲ್ಲ. ತಲೆಯೇ ಬಲಕ್ಕೆ ಹೊರಳಿತೆಂದು ಬಗೆದು ಅದು ಕಣ್ಣೆದುರಿನ ಜಗತ್ತನ್ನು ಎಡಕ್ಕೆ ಸರಿಸುತ್ತದೆ.

1632ರಲ್ಲಿ ಪ್ರಕಟವಾದ ತನ್ನ ‘ಸಂವಾದ’ದಲ್ಲಿ ಗೆಲಿಲಿಯೊ ನಮ್ಮನ್ನು ಇಂಥದೇ ಒಂದು ಕೋಣೆಗೆ ಕರೆದೊಯ್ಯುತ್ತಾನೆ. ದೊಡ್ಡ ಹಡಗಿನ ತಳದ ಕೋಣೆ. ಹಾರಾಡುವ ಚಿಟ್ಟೆಗಳು, ಬೋಗುಣಿಯಲ್ಲಿ ಮೀನು, ತೂಗುಹಾಕಿದ ಪಾತ್ರೆಯಿಂದ ತೊಟ್ಟಿಕ್ಕುವ ನೀರು. ಹಡಗು ಒಂದೇ ವೇಗದಲ್ಲಿ ಅಲುಗದೆ ಸಾಗುತ್ತಿದ್ದರೆ ಅದು ನಿಂತಿದೆಯೋ ಹೋಗುತ್ತಿದೆಯೋ ಇವುಗಳಲ್ಲಿ ಯಾವುದನ್ನು ನೋಡಿದರೂ ತಿಳಿಯದು ಎನ್ನುವುದು ಅವನ ವಾದ. ವಿಆರ್‌ಗೆ ಬೇಕಾದದ್ದು ಗೆಲಿಲಿಯೊನ ಹಡಗು. ಸಮುದ್ರ ಅಂಥ ಹಡಗನ್ನು ಕೊಡುವುದು ಅಪರೂಪ. ಅಲೆಗಳು ಏಳುತ್ತವೆ, ಹಡಗು ವಾಲುತ್ತದೆ, ದಿಕ್ಕು ಬದಲಿಸುತ್ತದೆ. ಒಳಗಿನ ಸಾಕ್ಷಿ ಪ್ರತಿ ಸಲವೂ ಬಾಯಿ ಬಿಡುತ್ತದೆ.

ಈ ಜಗಳ ಮನುಷ್ಯನ ತಲೆಯೊಳಗೂ ಇದೆ ಎನ್ನುವುದು ಇಲ್ಲಿನ ಸ್ವಾರಸ್ಯ. ನಮಗೂ ಎರಡು ಸಾಕ್ಷಿಗಳು: ಕಣ್ಣು ಮತ್ತು ಒಳಕಿವಿ. ಒಳಕಿವಿಯ ಮೂರು ಅರ್ಧವೃತ್ತದ ನಾಳಗಳು ತಲೆಯ ತಿರುವನ್ನು ಹಿಡಿಯುತ್ತವೆ. ಅವುಗಳ ಪಕ್ಕದ ಪುಟ್ಟ ಚೀಲಗಳು ಗುರುತ್ವವನ್ನೂ ಓಲಾಟವನ್ನೂ ಗ್ರಹಿಸುತ್ತವೆ. ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಏನೂ ಅಲುಗುತ್ತಿಲ್ಲವೆಂದು ಕಣ್ಣು ಹೇಳುತ್ತದೆ, ಎಲ್ಲವೂ ಅಲುಗುತ್ತಿದೆಯೆಂದು ಕಿವಿ ಹೇಳುತ್ತದೆ. ಈ ವಿರೋಧವೇ ಕಡಲ ಬೇನೆಯ ಮೂಲ ಎನ್ನುವ ವಿವರಣೆಗೆ ಜೇಮ್ಸ್ ರೀಸನ್ ಮತ್ತು ಬ್ರ್ಯಾಂಡ್ 1975ರಲ್ಲಿ ಖಚಿತ ರೂಪ ಕೊಟ್ಟರು. ಒಳಕಿವಿಯ ಈ ಭಾಗ ಕೆಲಸ ಮಾಡದವರಿಗೆ ಕಡಲ ಬೇನೆ ಬರುವುದಿಲ್ಲ ಎಂಬ ಸಂಗತಿ ಅದಕ್ಕೆ ಬಲವಾದ ಆಧಾರ. ಹೆಚ್ಚು ಕಾಡುವುದು ಸುಮಾರು ಐದು ಸೆಕೆಂಡಿಗೊಮ್ಮೆ ಏರಿಳಿಯುವ ನಿಧಾನದ ಓಲಾಟ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಹೊಟ್ಟೆ ತೊಳಸುವುದಕ್ಕೆ ಇಂಗ್ಲಿಷಿನವರು ಹೇಳುವ ‘ನಾಸಿಯಾ’ ಎಂಬ ಮಾತೇ ಹಡಗು ಎಂಬರ್ಥದ ಗ್ರೀಕ್ ಪದದಿಂದ ಹುಟ್ಟಿದ್ದು.

ಈ ಜಗಳಕ್ಕೆ ಕಂಪನಿಗಳು ಕೊಟ್ಟ ತೀರ್ಪಿನ ಹೆಸರು ‘ಟ್ರಾವೆಲ್ ಮೋಡ್’. 2024ರ ಫೆಬ್ರವರಿಯಲ್ಲಿ ಬಂದ ಆಪಲ್ ವಿಷನ್ ಪ್ರೊದಲ್ಲಿ ಅದು ಮೊದಲಿನಿಂದಲೇ ಇತ್ತು. ಅದೇ ವರ್ಷ ಮೆಟಾ ಕೂಡ ತನ್ನ ಕ್ವೆಸ್ಟ್ ಹೆಡ್‌ಸೆಟ್ಟುಗಳಿಗೆ ಅದನ್ನು ತಂದಿತು. ಎರಡೂ ಮೊದಲು ಗುರಿಯಿಟ್ಟದ್ದು ವಿಮಾನದ ಪ್ರಯಾಣಿಕರಿಗೆ. ಅಲ್ಲಿನ ಉಪಾಯ ಸರಳ: ಚಲಿಸುವ ವಾಹನದಲ್ಲಿ ಒಳಗಿನ ಸಾಕ್ಷಿಯ ಮಾತಿಗೆ ಬೆಲೆ ಕಡಿಮೆ ಮಾಡಿ ಕ್ಯಾಮೆರಾ ಹೇಳಿದ್ದನ್ನು ನಂಬುವುದು. ಆಗ ಚಿತ್ರ ಕ್ಯಾಬಿನ್ನಿನ ಗೋಡೆಗೆ ಕಟ್ಟಿದಂತೆ ಸ್ಥಿರವಾಗಿ ನಿಲ್ಲುತ್ತದೆ.

ಯಂತ್ರದ ಮಟ್ಟಿಗೆ ಇದು ಗೆಲುವು. ಅದೇ ಉಪಾಯವನ್ನು ಹಡಗಿಗೆ ತಂದರೆ ನೋಡುವವನ ಗತಿ ಏನು? ಯಂತ್ರದ ಸಾಕ್ಷಿಯ ಬಾಯಿ ಮುಚ್ಚಿಸಬಹುದು, ಮನುಷ್ಯನ ಒಳಕಿವಿಗೆ ಅಂಥ ಗುಂಡಿ ಇಲ್ಲ. ಕಣ್ಣಿಗೆ ಅಲುಗದ ಊರು, ಕಿವಿಗೆ ಓಲಾಡುವ ಕಡಲು. ಕಡಲ ಬೇನೆ ಬರಿಸುವ ಕಿಟಕಿಯಿಲ್ಲದ ಕ್ಯಾಬಿನ್ನನ್ನೇ ಇನ್ನಷ್ಟು ಅಂದವಾಗಿ ಕಟ್ಟಿ ಮುಖಕ್ಕೆ ತೊಡಿಸಿದಂತಾಯಿತು. ಬೇನೆ ಶುರುವಾದವರಿಗೆ ನಾವಿಕರು ಹೇಳುವ ಬುದ್ಧಿಮಾತು ಒಂದೇ: ಮೇಲೆ ಬಾ, ದಿಗಂತ ನೋಡು. ದಿಗಂತ ಭೂಮಿಗೆ ಸೇರಿದ್ದು, ಹಡಗಿನೊಂದಿಗೆ ವಾಲುವುದಿಲ್ಲ; ಅದನ್ನು ಕಂಡ ಕಣ್ಣು ಕಿವಿಯೊಂದಿಗೆ ರಾಜಿಯಾಗುತ್ತದೆ. 2018ರಲ್ಲಿ ಸಿಟ್ರೊಯೆನ್ ಕಾರು ಕಂಪನಿ ಮಾರಾಟಕ್ಕಿಟ್ಟ ಒಂದು ವಿಚಿತ್ರ ಕನ್ನಡಕ ಇದೇ ತತ್ವದ್ದು. ಅದರಲ್ಲಿ ಗಾಜಿಲ್ಲ, ನಾಲ್ಕು ಬಳೆಗಳಲ್ಲಿ ನೀಲಿ ದ್ರವ ತುಂಬಿದೆ, ವಾಹನ ವಾಲಿದರೂ ದ್ರವ ಮಟ್ಟಸವಾಗಿ ನಿಂತು ಕಣ್ಣಂಚಿನಲ್ಲೊಂದು ದಿಗಂತ ತೋರಿಸುತ್ತದೆ.

ಈ ಬೆಳಕಿನಲ್ಲಿ ಮೊದಲಿನ ‘ದೋಷ’ವನ್ನು ಮತ್ತೆ ನೋಡಬೇಕು. ಹಡಗು ವಾಲಿದಾಗ ಹೆಡ್‌ಸೆಟ್ಟಿನ ಒಳಸಾಕ್ಷಿ ಚಿತ್ರವನ್ನು ಎದುರು ದಿಕ್ಕಿಗೆ ವಾಲಿಸುತ್ತಿತ್ತಲ್ಲ, ಅದು ಕ್ಯಾಬಿನ್ನಿನ ಲೆಕ್ಕದಲ್ಲಿ ತಪ್ಪು, ಭೂಮಿಯ ಲೆಕ್ಕದಲ್ಲಿ ಸರಿ. ಒರಟಾಗಿ, ನಡುನಡುವೆ ತಡವರಿಸುತ್ತ ಅದು ಹೇಳುತ್ತಿದ್ದದ್ದು ಸಮುದ್ರದ ಸುದ್ದಿಯನ್ನೇ. ಟ್ರಾವೆಲ್ ಮೋಡ್ ಅದನ್ನು ತಿದ್ದುವ ಬದಲು ಅಳಿಸಿಹಾಕುತ್ತದೆ.

ಕಾವ್ಯಮೀಮಾಂಸೆಯ ತರಗತಿಯಲ್ಲಿ ಕುಳಿತವರಿಗೆ ಇಲ್ಲಿ ಅಭಿನವಗುಪ್ತ ನೆನಪಾಗಬೇಕು. ‘ಅಭಿನವಭಾರತಿ’ಯಲ್ಲಿ ಅವನು ಏಳು ರಸವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲೊಂದು ನಿಜಸುಖಾದಿ ವಿವಶೀಭಾವ: ತನ್ನದೇ ಸುಖದುಃಖದಲ್ಲಿ ಸಿಕ್ಕಿಕೊಂಡವನಿಗೆ ರಸ ದಕ್ಕದು. ಹೊಟ್ಟೆ ತೊಳಸುತ್ತಿರುವ ಪ್ರೇಕ್ಷಕನಿಗಿಂತ ಇದಕ್ಕೆ ನೇರವಾದ ಉದಾಹರಣೆ ಸಿಗಲಾರದು. ವಿಘ್ನಕ್ಕಿಂತಲೂ ಅವನು ಹೇಳುವ ಪರಿಹಾರ ಮುಖ್ಯವಾದದ್ದು. ಪ್ರೇಕ್ಷಕ ತನ್ನ ಸುಖದುಃಖವನ್ನು ಮನೆಯಲ್ಲಿ ಬಿಟ್ಟು ಬರಲಿ ಎಂದು ಅವನು ಹೇಳುವುದಿಲ್ಲ. ಗೀತ, ವಾದ್ಯ, ಅಲಂಕರಿಸಿದ ರಂಗಮಂಟಪ ಇವುಗಳಿಂದ ಆ ಮನಸ್ಸನ್ನು ಹದಗೊಳಿಸಬೇಕು ಎನ್ನುತ್ತಾನೆ. ಇನ್ನೊಂದು ವಿಘ್ನ, ನೋಡುತ್ತಿರುವುದು ಇಂಥ ಕಾಲದ ಇಂಥ ಊರಿನ ಇಂಥವನನ್ನೇ ಎಂಬ ಹಟ. ಅದಕ್ಕೆ ಪೂರ್ವರಂಗ, ಪ್ರಸ್ತಾವನೆ, ಕಿರೀಟ, ವೇಷ ಮದ್ದು. ನಟನೆಂದು ಮೊದಲು ತೋರಿಸಿ ಆಮೇಲೆ ವೇಷದಲ್ಲಿ ಮರೆಸುವ ಕ್ರಮ ಇದು. ರಾತ್ರಿಯಿಡೀ ಯಕ್ಷಗಾನ ನೋಡುವವನು ಬಯಲಿನ ಚಳಿ ಮರೆಯುವುದಿಲ್ಲ, ಶಾಲು ಎಳೆದುಕೊಳ್ಳುತ್ತಾನೆ, ಚಹಾ ಕುಡಿದು ಬರುತ್ತಾನೆ. ಆದರೂ ಕರ್ಣನ ಸಾವಿಗೆ ಅವನ ಕಣ್ಣು ಒದ್ದೆಯಾಗುತ್ತದೆ. ಇಲ್ಲಿದ್ದೇನೆ, ಅಲ್ಲೂ ಇದ್ದೇನೆ ಎಂಬ ಎರಡು ನಿಜಗಳನ್ನು ಒಟ್ಟಿಗೆ ಹಿಡಿಯಲು ರಂಗದ ಚೌಕಟ್ಟು ಅವನಿಗೆ ನೆರವಾಗುತ್ತದೆ. ಪುಸ್ತಕಕ್ಕೂ ಆ ಔದಾರ್ಯ ಇದೆ. ಹಡಗಿನಲ್ಲಿ ಓದಿದರೂ ತಲೆ ಸುತ್ತಬಹುದು. ಆಗ ಕಣ್ಣೆತ್ತಿ ಕಡಲು ನೋಡಿ ಮತ್ತೆ ಪುಟಕ್ಕೆ ಮರಳಬಹುದು. ಚೌಕಟ್ಟೇ ಇಲ್ಲದಿರುವುದು ತನ್ನ ಹೆಚ್ಚುಗಾರಿಕೆ ಎಂದು ಹೇಳಿಕೊಳ್ಳುವ ವಿಆರ್ ಒಂದೇ ನಿಜವನ್ನು ಒಪ್ಪುತ್ತದೆ. ಹಡಗಿನಲ್ಲಿ ಅದು ಸೋಲುವುದು ಅದಕ್ಕೇ.

ಹಡಗಿನ ಭ್ರಮೆಯನ್ನು ಕಟ್ಟುವ ಆಸೆ ಇಂದಿನದೇನಲ್ಲ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಹ್ಯೂಗೊ ದಲೇಸಿ ಎಂಬ ಚಿತ್ರಕಾರ ‘ಮರೆಯೊರಾಮಾ’ ಎಂಬ ಅದ್ಭುತವನ್ನು ಕಟ್ಟಿದ್ದ. ಹಡಗಿನ ಅಟ್ಟದಂಥ ವೇದಿಕೆಯ ಮೇಲೆ ಸುಮಾರು 1,500 ಜನ. ಇಕ್ಕೆಲಗಳಲ್ಲಿ ಸುರುಳಿ ಬಿಚ್ಚುತ್ತ ಸಾಗುವ ಭಾರಿ ಚಿತ್ರಪಟಗಳು. ನೇಪಲ್ಸ್, ವೆನಿಸ್‌ಗಳನ್ನು ಹಾದು ಪಯಣ ಕಾನ್‌ಸ್ಟಾಂಟಿನೋಪಲ್ ಮುಟ್ಟುತ್ತಿತ್ತು. ಯಂತ್ರಗಳು ವೇದಿಕೆಯನ್ನು ಓಲಾಡಿಸುತ್ತಿದ್ದವು, ನಾವಿಕರ ವೇಷದವರು ಓಡಾಡುತ್ತಿದ್ದರು, ಕಡಲ ವಾಸನೆಯ ಗಾಳಿಯನ್ನೂ ಬೀಸುತ್ತಿದ್ದರು. ಅದೂ ಭ್ರಮೆಯೇ. ಆದರೆ ಅಲ್ಲಿ ಕಣ್ಣಿಗೆ ಕಂಡದ್ದಕ್ಕೆ ಕಾಲಡಿಯ ಓಲಾಟ ಹೊಂದುವಂತೆ ಯೋಚಿಸಲಾಗಿತ್ತು; ದೇಹವನ್ನೂ ಪ್ರೇಕ್ಷಕನೆಂದು ಎಣಿಸಲಾಗಿತ್ತು. ದಲೇಸಿ ನೆಲದ ಮೇಲೆ ಸಮುದ್ರ ತರಲು ಇಷ್ಟು ಪಾಡುಪಟ್ಟ. ಇಂದಿನ ನಾವು ನಿಜವಾದ ಸಮುದ್ರದ ಮೇಲೆ ಕುಳಿತು ಅದನ್ನು ಇಲ್ಲವಾಗಿಸಲು ಪಾಡುಪಡುತ್ತಿದ್ದೇವೆ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಸಮುದ್ರವನ್ನು ಮರೆಯುವುದೇ ಬೇಕಾದವರಿಲ್ಲವೇ? ಮಂಗಳೂರು, ಉಡುಪಿ, ಕಾರವಾರದ ಕಡೆಯ ಮನೆಗಳಿಗೆ ಇದನ್ನು ವಿವರಿಸಬೇಕಿಲ್ಲ. ಹಡಗು ಹತ್ತಿದ ಮಗನೋ ಗಂಡನೋ ಎಷ್ಟು ತಿಂಗಳಿಗೆ ಬರುತ್ತಾನೆಂದು ಎಣಿಸಿದ ಮನೆಗಳು ಅಲ್ಲಿ ಬೇಕಾದಷ್ಟಿವೆ. 2020ರಲ್ಲಿ ಕೋವಿಡ್ ಬಂದರುಗಳನ್ನು ಮುಚ್ಚಿಸಿದಾಗ, ಕರಾರು ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಉಳಿದ ನಾವಿಕರು ಜಗತ್ತಿನಾದ್ಯಂತ ಸುಮಾರು 4 ಲಕ್ಷ. ಅಂಥವನಿಗೆ ಕ್ಯಾಬಿನ್ನಿನಲ್ಲಿ ಅರ್ಧ ಗಂಟೆ ಊರು ಸಿಕ್ಕರೆ ಅದನ್ನು ಹಗುರವಾಗಿ ಕಾಣುವ ಹಕ್ಕು ವಿಮರ್ಶಕನಿಗಿಲ್ಲ. 2023ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಡೆನ್ಮಾರ್ಕಿನ ಆಂಡ್ರಿಯಾಸ್ ಮೊಗೆನ್ಸೆನ್ ಅವರಿಗೆ ಮನಸ್ಸಿನ ನೆಮ್ಮದಿಗೆಂದೇ ಒಂದು ವಿಆರ್ ಹೆಡ್‌ಸೆಟ್ಟು ಕಳಿಸಿದ್ದರು. ಒಂಟಿತನಕ್ಕೆ ಇದು ಮದ್ದಾಗಬಹುದೆಂಬ ನಂಬಿಕೆ ಹುಸಿಯಲ್ಲ.

ಮದ್ದು ರೋಗಿಯ ದೇಹಕ್ಕೆ ಒಗ್ಗಬೇಕು ಎನ್ನುವುದಷ್ಟೇ ಇಲ್ಲಿನ ವಾದ. ಅಲುಗದ ಊರನ್ನು ತೋರಿಸಿ ಹೊಟ್ಟೆ ತೊಳಸುವಂತೆ ಮಾಡಿದರೆ ಆ ನಾವಿಕ ಊರಿನಿಂದ ಇನ್ನೂ ದೂರವಾಗುತ್ತಾನೆ. ದಾರಿ ಬೇರೆಯೂ ಇದೆ. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತವರಿಗಾಗಿ ‘ಹೋಲೊರೈಡ್’ ಎಂಬ ಕಂಪನಿ ಮಾಡಿದ ವಿಆರ್‌ನಲ್ಲಿ ಕಾರು ತಿರುಗಿದರೆ ಕಥೆಯೊಳಗಿನ ನೌಕೆಯೂ ತಿರುಗುತ್ತದೆ. ವಾಹನದ ಚಲನೆಯನ್ನು ಅಳಿಸದೆ ಅದನ್ನೇ ಕಥೆಯ ಗತಿಯಾಗಿಸಿದ ಯೋಚನೆ ಅದು. ಹಡಗಿಗೆ ಬರೆಯುವವರೂ ಹೀಗೇ ಹೊರಡಬಹುದು. ಮನೆಯ ಉಯ್ಯಾಲೆಯಲ್ಲಿ ಕುಳಿತ ನೋಟ, ಹೊಳೆ ದಾಟುವ ದೋಣಿಯಿಂದ ಕಂಡ ಊರು, ಜಾತ್ರೆಯ ತೊಟ್ಟಿಲು: ಓಲಾಟಕ್ಕೆ ಜಾಗವಿರುವ ನೆನಪುಗಳು ನಮ್ಮಲ್ಲಿ ಕಡಿಮೆಯಿಲ್ಲ. ಹಡಗಿನ ವಾಲುವಿಕೆಯನ್ನು ಅಳೆದು ಆ ಉಯ್ಯಾಲೆಗೆ ಕೊಟ್ಟರೆ ಕಣ್ಣೂ ಕಿವಿಯೂ ಒಂದೇ ಸುದ್ದಿ ಹೇಳುತ್ತವೆ. ಉಯ್ಯಾಲೆಯ ಆಚೆ ಅಂಗಳವೂ ಅದರಾಚೆ ಬೆಟ್ಟದ ಗೆರೆಯೂ ಅಲುಗದೆ ನಿಂತಿರಲಿ. ದಿಗಂತದ ಕೆಲಸವನ್ನು ಅವು ಮಾಡುತ್ತವೆ.

ಇದಕ್ಕೆ ಸೆನ್ಸರುಗಳ ಜೊತೆ ಬರಹಗಾರರೂ ಬೇಕು. ಈ ಮಾಧ್ಯಮವನ್ನು ಇಲ್ಲಿಯವರೆಗೆ ಹೆಚ್ಚಾಗಿ ಮಾತಾಡಿದವರು ಎಂಜಿನಿಯರುಗಳು ಮತ್ತು ಮಾರಾಟಗಾರರು. ಅವರ ಮಾತಿನಲ್ಲಿ ದೇಹ ಎಂಬುದು ದಾಟಬೇಕಾದ ಅಡ್ಡಿ. ನಾಟಕ, ಕಾವ್ಯಗಳನ್ನು ಓದಿ ಬೆಳೆದವರಿಗೆ ಆ ದೇಹವೇ ರಸ ಇಳಿಯುವ ಜಾಗ ಎಂದು ಗೊತ್ತು. ಹಡಗಿನ ಕ್ಯಾಬಿನ್ನಿನಲ್ಲಿ ಹೆಡ್‌ಸೆಟ್ಟು ಕಳಚಿಟ್ಟು, ಬೆವರು ಒರೆಸಿಕೊಂಡು, ಗಾಳಿಗಾಗಿ ಅಟ್ಟ ಹತ್ತುವ ನಾವಿಕ ಮೊದಲು ದಿಗಂತವನ್ನು ಹುಡುಕುತ್ತಾನೆ. ಅವನಿಗಾಗಿ ಕಥೆ ಕಟ್ಟುವವರು ಕೆಲಸ ಶುರುಮಾಡಬೇಕಾದದ್ದು ಆ ಗೆರೆಯಿಂದ.